ರೊಟ್ಟಿ ಮಾರಲು ಸಾಯಿಸಿದ ಗಂಡ

ಆಷಾಢ ಮುಗಿಯಲು ಒಂದು ವಾರವಿತ್ತು. ಬುಧವಾರ, ಬೆಳಗಿನ ಒಂಬತ್ತೂವರೆ. ಸ್ಥಳ, ಜಮಖಂಡಿಯ ನಮ್ಮ ಕಚೇರಿ. ಹಾಜರಿದ್ದವರು ಮಾಲೀಕ ಈರಣ್ಣ, ತಿಂಗಳಿಗೊಮ್ಮೆ ಬೆಳಗಾವಿಯಿಂದ ಬರುವ ಮಾರಾಟದ ಸಲಹೆಗಾರ ನಿತಿನ್, ಮತ್ತು ವೆಬ್‌ಸೈಟಿನ ಕನ್ನಡ ಬರಹಕ್ಕೆ ಹೊಣೆಯಾಗಿದ್ದ ನಾನು, ವಿಮಲಾ. ಕರೆಯದೆ ಬಂದವರು ಬೀಳಗಿಯ ಶಾಂತವ್ವ ಮತ್ತು ಆಕೆಯ ಗಂಡ ಶಿವಪ್ಪ. ಶಿವಪ್ಪ ಹಾಜರಿದ್ದರೆಂಬುದನ್ನು ಒತ್ತಿ ಬರೆಯುತ್ತಿದ್ದೇನೆ. ಏಕೆಂದರೆ ನಮ್ಮ ವೆಬ್‌ಸೈಟಿನ ಪ್ರಕಾರ ಅವರು ತೀರಿಕೊಂಡಿದ್ದರು.

ಶಾಂತವ್ವ ನಮಗೆ ಖಡಕ್ ರೊಟ್ಟಿ ಮಾಡಿಕೊಡುವ ಹೆಂಗಸರ ಗುಂಪಿನ ಮುಖ್ಯಸ್ಥೆ. ರಬಕವಿ-ಬನಹಟ್ಟಿಯ ಸೀರೆ, ಮುಧೋಳದ ಬೆಲ್ಲ, ಬೀಳಗಿಯ ರೊಟ್ಟಿ, ಇವೇ ನಮ್ಮ ವೆಬ್‌ಸೈಟಿನ ಮುಖ್ಯ ಸರಕು. ಆಕೆ ಕುರ್ಚಿಯಲ್ಲಿ ಕೂರಲಿಲ್ಲ. ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದಳು:

"ಅಕ್ಕಾರ, ಇದನ್ನ ಓದ್ರಿ. ಜೋರಾಗಿ ಓದ್ರಿ, ಎಲ್ಲಾರೂ ಕೇಳ್ಲಿ."

ನಾನು ಜೈನರ ಎಂಟು ದಿನದ ಅಷ್ಟಾಹ್ನಿಕ ವ್ರತಕ್ಕೆ ರಜೆ ಹಾಕಿ ತೇರದಾಳದ ತವರುಮನೆಗೆ ಹೋಗಿ, ಹಿಂದಿನ ಸಂಜೆಯಷ್ಟೇ ಮರಳಿದ್ದೆ. ಆ ಪುಟವನ್ನು ಮೊದಲ ಸಲ ನೋಡುತ್ತಿದ್ದೆ. ರೊಟ್ಟಿ ಬಡಿಯುವ ಎರಡು ಕೈ, ಬಾಗಿದ ಒಂದು ಹಣೆ, ಇಷ್ಟೇ ಕಾಣುವ ಫೋಟೋ. ಅದರ ಕೆಳಗೆ ಬರೆದಿತ್ತು: "ಗಂಡನನ್ನು ಕಳೆದುಕೊಂಡು, ಕೃಷ್ಣೆಯ ಹಿನ್ನೀರಿನಲ್ಲಿ ಹೊಲ ಮನೆ ಕಳೆದುಕೊಂಡು, ಮಗಳ ಮದುವೆಗಾಗಿ ರೊಟ್ಟಿ ಬಡಿಯುತ್ತಿರುವ ವಿಧವೆ ಶಾಂತವ್ವನ ಕೈಗಳಿವು. ನೀವು ಕೊಳ್ಳುವ ಪ್ರತಿ ರೊಟ್ಟಿ ಅವಳ ಕಣ್ಣೀರು ಒರೆಸುತ್ತದೆ."

ನಾನು ಓದಿ ಮುಗಿಸಿದೆ. ಬಾಗಿಲ ಬಳಿ ನಿಂತಿದ್ದ ಶಿವಪ್ಪ ಹೇಳಿದರು, "ಕಳಕೊಂಡಾಳಂತ. ನಾ ಎಲ್ಲಿ ಬಿದ್ದಿದ್ನೋ ಏನೋ. ಸಿಕ್ಕೇನಿ ಅಂತ ಹೇಳಾಕ ಬಂದೇನ್ರಿ."

"ನೀವು ಸುಮ್ಕ ನಿಂದರ್ರಿ," ಎಂದಳು ಶಾಂತವ್ವ. ನಗುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಮಗಳು ರೇಣುಕಾಳಿಗೆ ಸಾವಳಗಿಯ ಒಂದು ಮನೆತನ ಕೂಡಿಬಂದಿತ್ತು. ಅವರು ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಆಷಾಢ ಕಳೆದು ನಾಗರ ಪಂಚಮಿ ಆದ ಮೇಲೆ ನಿಶ್ಚಯ ಎಂದು ಮಾತಾಗಿತ್ತು. ಅಷ್ಟರಲ್ಲಿ ಈ ಪುಟ ಮೊಬೈಲಿನಿಂದ ಮೊಬೈಲಿಗೆ ಹಾರಿ ಹುಡುಗನ ತಾಯಿ ಗೌರವ್ವನ ಕೈ ಸೇರಿತ್ತು.

"ಮೊನ್ನಿ ಸಂಜಿಗೆ ಫೋನ್ ಮಾಡಿದ್ರು. 'ಹುಡುಗಿ ತಾಯಿ ವಿಧವಿ ಅಂತ ಬರದೈತಿ. ಹಂಗಾರ ಅವತ್ತ ನಿಮ್ಮ ಮನ್ಯಾಗ ನಮ್ಮ ಮುಂದ ತಂದಿ ಅಂತ ಕುಂತಾವ್ರು ಯಾರು?' ಅಂತ ಕೇಳಿದ್ರು. ಆಮ್ಯಾಲೆ, 'ವಿಚಾರ ಮಾಡಿ ಹೇಳತೇವಿ' ಅಂದು ಇಟ್ಟಬಿಟ್ರು. ನಾ ಏನ ಹೇಳ್ಲಿ, ಅಕ್ಕಾರ?"

"ಆಧಾರ ಕಾರ್ಡ ತೋರಸ್ತೇನಿ ಅಂದ್ನಿ," ಎಂದರು ಶಿವಪ್ಪ. "ಇಕಿ ಬ್ಯಾಡಂದ್ಳು. ಸ್ವಂತ ಹೆಂಡ್ತಿ ಮನ್ಯಾಗ ಗುರುತಿನ ಕಾರ್ಡ ಹಿಡಕೊಂಡ ಕುಂದರೂ ಬಾಳೆ ಬಂತ ನನಗ."

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ ಆ ಪುಟ ನೆನಪಾದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಏಕೆಂದು ತಿಳಿಯಬೇಕಾದರೆ ಮೊದಲು ನಾವು ಹೇಗೆ ಕೆಲಸ ಮಾಡುತ್ತಿದ್ದೆವು ಎಂದು ಹೇಳಬೇಕು.

ನಾನು ಕೆಲಸಕ್ಕೆ ಸೇರಿದಾಗ ವೆಬ್‌ಸೈಟ್ ಎಂಬುದು ಇರಲಿಲ್ಲ. ಈರಣ್ಣನ ತಂದೆ, ನಾವೆಲ್ಲ ಹಿರಿಯ ಸಾವಕಾರರು ಎನ್ನುತ್ತಿದ್ದವರು, ಮುಂದುಗಡೆ ಸೀರೆ ಅಂಗಡಿ, ಹಿಂದುಗಡೆ ಮುದ್ರಣದ ಯಂತ್ರ ಇಟ್ಟುಕೊಂಡಿದ್ದರು. ನೇಕಾರರ ಸೀರೆಗೆ ಅಂಟಿಸುವ ಲೇಬಲ್, ಹಬ್ಬದ ಜಾಹೀರಾತಿನ ಹಾಳೆ, ಇವುಗಳ ಬರಹ ನನ್ನದು. ತೇರದಾಳದ ಜೈನರ ಮನೆಯಲ್ಲಿ ಬೆಳೆದವಳು ನಾನು. ನೀರು ಸೋಸುವುದಕ್ಕೆ ಹೊತ್ತು, ಓದುವುದಕ್ಕೆ ಹೊತ್ತು, ಸೂರ್ಯ ಮುಳುಗುವ ಮೊದಲು ಊಟ. ಹಾಗಾಗಿ ಸೇರುವ ದಿನವೇ ಒಂದು ಮಾತು ಹೇಳಿದ್ದೆ: ಬೆಳಿಗ್ಗೆ ಎಷ್ಟು ಬೇಗ ಬೇಕಾದರೂ ಬರುತ್ತೇನೆ, ಸಂಜೆ ನಿಲ್ಲುವುದಿಲ್ಲ. ಹಿರಿಯ ಸಾವಕಾರರು, "ಹೊತ್ತ ಮುಳುಗೂದ್ರಾಗ ಮುಗಿಯದ ಜಾಹೀರಾತು ಓದೂ ಗಿರಾಕಿನೂ ಇಲ್ಲ ಬಿಡು," ಎಂದರು. ಕೊನೆಯ ದಿನದವರೆಗೂ ಆ ಕರಾರು ನಡೆಯಿತು.

ಅವರದೊಂದು ಕ್ರಮವಿತ್ತು. ಬರೆದ ಬರಹವನ್ನು ಮುದ್ರಣಕ್ಕೆ ಹಾಕುವ ಮೊದಲು ಅಂಗಡಿಯ ಮುಂಭಾಗಕ್ಕೆ ತಂದು, ಅಲ್ಲಿ ಕುಳಿತ ಗಿರಾಕಿಯ ಎದುರಿಗೆ ಓದಬೇಕು. ಓದುವಾಗ ನನಗೆ ನಾಚಿಕೆ ಬಂದರೆ ಆ ಸಾಲು ಹೋಯಿತು. ಗಿರಾಕಿಗೆ ಆಕಳಿಕೆ ಬಂದರೂ ಹೋಯಿತು. ನನಗೆ ಈ ವಿದ್ಯೆಯಲ್ಲಿ ಬಂದದ್ದೆಲ್ಲ ಆ ಹತ್ತು ಹೆಜ್ಜೆಯ ಓಡಾಟದಲ್ಲಿ ಬಂದದ್ದು.

ಬನಹಟ್ಟಿಯ ಒಬ್ಬ ವ್ಯಾಪಾರಿ ತನ್ನ ಕೆಂಪು ಸೀರೆಗೆ "ಬಣ್ಣ ಬಿಡುವುದಿಲ್ಲ, ಖಾತ್ರಿ" ಎಂದು ಹಾಕಿಸಲೇಬೇಕೆಂದು ಹಟ ಹಿಡಿದ. ಸಾವಕಾರರು ಊರಲ್ಲಿರಲಿಲ್ಲ, ಲೇಬಲ್ ಅಚ್ಚಾಯಿತು. ಪಂಚಮಿ ಕಳೆದ ಮೇಲೆ ಒಬ್ಬ ಹೆಣ್ಣುಮಗಳು ಬಂದು, ಗುಲಾಬಿ ಬಣ್ಣಕ್ಕೆ ತಿರುಗಿದ ತನ್ನ ಬಿಳಿ ಲಂಗವನ್ನು ಗಲ್ಲೆಯ ಮೇಲೆ ಹರವಿದಳು. ಸಾವಕಾರರು ಆ ವ್ಯಾಪಾರಿಯನ್ನು ಬನಹಟ್ಟಿಯಿಂದ ಕರೆಸಿದರು. "ನಿನ್ನ ಲೇಬಲ್ ಈ ತಾಯಿ ಮುಂದ ಓದು," ಎಂದರು. ಆತ ಲೇಬಲ್ಲನ್ನು ಮಡಚಿ ಕಿಸೆಗಿಟ್ಟ. ಉಳಿದ ಲೇಬಲ್‌ಗಳು ನೀರೊಲೆಗೆ ಹೋದವು. ಹೊಸ ಲೇಬಲ್ಲಿನಲ್ಲಿ, "ಮೊದಲ ಸಲ ಉಪ್ಪುನೀರಲ್ಲಿ ನೆನೆಸಿ, ಬೇರೆಯಾಗಿ ಒಗೆಯಿರಿ" ಎಂದು ಬರೆದೆ. ಆ ಸೀರೆಯ ಮಾರಾಟ ಕಡಿಮೆಯಾಗಲಿಲ್ಲ. ಗಿರಾಕಿಗೆ ಬಣ್ಣ ಬಿಡುತ್ತದೆಂಬ ಭಯ ಮೊದಲೇ ಇತ್ತು. ಆ ಭಯಕ್ಕೆ ಉತ್ತರ ಸಿಕ್ಕಿತು, ಕೊಂಡರು. ಮನವೊಲಿಸುವುದು ಎಂದರೆ ಇಷ್ಟೇ. ಕೊಳ್ಳುವವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಅವರು ಕೇಳುವ ಮೊದಲೇ ನೇರ ಉತ್ತರ ಕೊಡುವುದು.

ಹಿರಿಯ ಸಾವಕಾರರು ತೀರಿಕೊಂಡ ಮೇಲೆ ಈರಣ್ಣ ವೆಬ್‌ಸೈಟ್ ಶುರುಮಾಡಿದ. ಈರಣ್ಣ ಕೆಟ್ಟವನಲ್ಲ, ಅವಸರದವ. ಪರದೆಯ ಮೇಲೆ ಬರೆಯುವ ಬಗೆಯನ್ನು ನಾನು ನಿತಿನ್‌ನಿಂದ ಕಲಿತೆ. ಆ ಶ್ರೇಯಸ್ಸನ್ನು ಅವನಿಗೆ ಕೊಡದಿದ್ದರೆ ತಪ್ಪಾಗುತ್ತದೆ. ಜನ ಹೆಬ್ಬೆರಳಿನಿಂದ ಸರಿಸುತ್ತ ಓದುತ್ತಾರೆ, ಸಾಲು ಗಿಡ್ಡವಿರಬೇಕು, ಬೇಕಾದದ್ದು ಮೊದಲ ನೋಟಕ್ಕೇ ಸಿಗಬೇಕು, ಓದುಗ ಎಲ್ಲಿ ಬಿಟ್ಟುಹೋದನೆಂದು ನೋಡಿ ಅಲ್ಲಿ ತಿದ್ದಬೇಕು, ಇದೆಲ್ಲ ಅವನು ಹೇಳಿಕೊಟ್ಟದ್ದು. ಆದರೆ ಅವನ ಚೀಲದಲ್ಲಿ ಬೇರೆ ಕೆಲವು ಸರಕೂ ಇದ್ದವು.

ಒಂದು, "ಎರಡೇ ಉಳಿದಿವೆ." ಉಗ್ರಾಣದಲ್ಲಿ ರಾಶಿ ಬಿದ್ದಿದ್ದರೂ ಪರದೆಯ ಮೇಲೆ ಎರಡೇ ಉಳಿದಿರುತ್ತವೆ. ನಾನು ಬೇಡವೆಂದೆ. "ಎಲ್ಲಾರೂ ಹಂಗ ಬರೀತಾರ್ರಿ," ಎಂದ ಈರಣ್ಣ. ಮುಧೋಳದ ಒಬ್ಬ ಗೃಹಿಣಿ ಅದನ್ನು ನಂಬಿ, ಸೀರೆ ಕೈತಪ್ಪೀತೆಂದು ಮರುದಿನ ಬೆಳಗಿನ ಬಸ್ಸಿಗೇ ಬಂದುಬಿಟ್ಟಳು. ಇಂಥವರು ಇಲ್ಲಿಯೇ ಪಕ್ಕದ ಊರಲ್ಲಿದ್ದಾರೆ ಎಂಬುದು ಬೆಳಗಾವಿಯಲ್ಲಿ ಕುಳಿತವರಿಗೆ ಹೊಳೆಯುವುದಿಲ್ಲ. ಉಗ್ರಾಣದ ಬಾಗಿಲು ತೆರೆದಿತ್ತು. ಆಕೆ ಒಳಗೆ ನೋಡಿ, "ಎರಡ ಉಳದಾವ ಅಂತ ಬರದಿದ್ರಿ. ರಾತ್ರ್ಯಾಗ ಮರಿ ಹಾಕ್ಯಾವೇನ್ರಿ?" ಎಂದಳು. ಆ ಸಾಲು ಅಂದೇ ಹೋಯಿತು.

ಇನ್ನೊಂದು, ಏನನ್ನಾದರೂ ಯಾರಿಗಾದರೂ ಮಾರಬಹುದು ಎಂಬ ನಂಬಿಕೆ. ತಿಮ್ಮಾಪುರದ ಕಡೆಯ ಒಬ್ಬ ರೈತ ತಾನು ಸಾಕಿದ ಮುಧೋಳ ನಾಯಿಯ ಮರಿಗಳಿಗೆ ಗಿರಾಕಿ ಬೇಕೆಂದು ಬಂದ. ನಿತಿನ್ "ಫ್ಲ್ಯಾಟಿನ ಬಾಳಿಗೆ ಹೇಳಿಮಾಡಿಸಿದ ರಾಜಠೀವಿ" ಎಂದು ಬರೆದ. ರೈತ ಅದನ್ನು ಓದಿ, "ಅಕ್ಕಾರ, ಇದು ಸೋಫಾದ ಮ್ಯಾಲೆ ಮಲಗೂ ನಾಯಿ ಅಲ್ರಿ. ಓಡೂ ನಾಯಿ. ಕಟ್ಟಿ ಹಾಕಿದ್ರ ಹುಚ್ಚ ಹಿಡಿತೈತಿ," ಎಂದ. ನಾನು ಮೊದಲ ಸಾಲನ್ನೇ ಬದಲಿಸಿದೆ: "ದಿನವೂ ಓಡಿಸಲು ಬಯಲಿಲ್ಲದವರು ಈ ನಾಯಿ ಕೊಳ್ಳಬೇಡಿ." ಈರಣ್ಣ ತಲೆಯ ಮೇಲೆ ಕೈಹೊತ್ತ. ವಿಚಾರಿಸಿದವರು ಕಡಿಮೆಯಾದದ್ದು ನಿಜ. ಆದರೆ ಒಂದು ಮರಿಯೂ ಹಿಂದಕ್ಕೆ ಬರಲಿಲ್ಲ.

ಮೂರನೆಯದು ಕನಿಕರ. ಇದನ್ನು ಅವನು ಚೀಲದಿಂದ ಹೊರತೆಗೆದದ್ದು ನಾನು ರಜೆಯಲ್ಲಿದ್ದಾಗ.

ಶಾಂತವ್ವನ ರೊಟ್ಟಿಯ ಪುಟ ಮೊದಲು ನಾನು ಬರೆದದ್ದು. ಮುರಿದರೆ ಪಟ್ಟೆನ್ನುವ ಜೋಳದ ರೊಟ್ಟಿ, ಎಣ್ಣೆ ಇಲ್ಲ, ಇಷ್ಟು ದಿನ ಇರುತ್ತದೆ, ದಾರಿಯಲ್ಲಿ ಒಡೆಯದಂತೆ ಹೀಗೆ ಕಟ್ಟುತ್ತೇವೆ. ಅದನ್ನೆಲ್ಲ ಅಳಿಸಿ ನಿತಿನ್ ಇಂಗ್ಲಿಷಿನಲ್ಲಿ ಕಣ್ಣೀರಿನ ಕಥೆ ಬರೆದಿದ್ದ. ಕನ್ನಡಕ್ಕೆ ನಾನಿರಲಿಲ್ಲವಲ್ಲ, ಕಂಪ್ಯೂಟರಿನಲ್ಲಿ ಅನುವಾದಿಸುವ ಯಂತ್ರದಿಂದ ಮಾಡಿಸಿದ್ದ. ನನ್ನ ಕಾಲದ ಕೊನೆಯ ಹೊಸ ಪದ್ಧತಿ ಇದು. ಯಂತ್ರಕ್ಕೆ ದಣಿವಿಲ್ಲ, ಸಂಜೆಯಾದರೂ ಮನೆಗೆ ಹೋಗಬೇಕಿಲ್ಲ. ಬಾಗಿಲ ಬಳಿ ನಿಂತ ಮನುಷ್ಯನನ್ನು ನೋಡಿ ನಾಚುವುದೂ ಅದಕ್ಕೆ ಬೇಕಿಲ್ಲ.

ಮತ್ತೆ ಆ ಬೆಳಿಗ್ಗೆಗೆ ಬರುತ್ತೇನೆ.

"ಈಕೆ ವಿಧವೆ ಅಂತ ನಿಮಗ ಯಾರ ಹೇಳಿದ್ರು?" ಎಂದು ನಿತಿನ್‌ನನ್ನು ಕೇಳಿದೆ.

"ಯಾರೂ ಹೇಳಿಲ್ರಿ, ಮೇಡಂ. ಫೋಟೋ ನೋಡಿದ್ರ ಹಂಗ ಅನಸ್ತು. ಕೈಯಾಗ ಬಳಿ ಇಲ್ಲ. ಹಣಿ ಮ್ಯಾಲೆ ಕುಂಕುಮ ಇಲ್ಲ. ತಾಳಿನೂ ಕಾಣೂದಿಲ್ಲ."

ಶಾಂತವ್ವ ಆಗ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕುಳಿತಳು. "ತಮ್ಮಾ, ಕಾದ ಹಂಚಿನ ಮುಂದ ತಾಸಗಟ್ಟಲೆ ಕುಂತ್ರ ಯಾರ ಹಣಿ ಮ್ಯಾಲೆ ಕುಂಕುಮ ನಿಂದರತೈತಿ? ತಾಳಿ ಹಿಟ್ಟಿನ್ಯಾಗ ಬೀಳತೈತಿ ಅಂತ ಕುಬಸದಾಗ ಹಾಕ್ಕೊಂಡಿರತೇವಿ. ಇನ್ನ ಬಳಿ. ಬಳಿ ತಗೀರಿ ಅಂದಾವ್ರು ಯಾರು? ಅದನ್ನ ನಿಮ್ಮ ಸಾವಕಾರ್ರ ಕೇಳು."

ಈರಣ್ಣ ತಲೆ ತಗ್ಗಿಸಿದ. ಒಮ್ಮೆ ಗಿರಾಕಿಯೊಬ್ಬರಿಗೆ ರೊಟ್ಟಿಯಲ್ಲಿ ಗಾಜಿನ ಬಳೆಚೂರು ಸಿಕ್ಕಿತ್ತು. ಅಂದಿನಿಂದ, ರೊಟ್ಟಿ ಬಡಿಯುವಾಗ ಬಳೆ ಇರಬಾರದು ಎಂದು ನಿಯಮ ಮಾಡಿದವರು ನಾವೇ. ಮುತ್ತೈದೆ ಬರಿಗೈಯಲ್ಲಿ ಕೂರುವುದೆಂದರೆ ಆ ಹೆಂಗಸರಿಗೆ ಸಣ್ಣ ಮಾತಲ್ಲ. ಎರಡು ದಿನ ಒಲೆ ಹಚ್ಚಲಿಲ್ಲ. ಕೊನೆಗೆ ಶಾಂತವ್ವನೇ ದಾರಿ ಕಂಡುಹಿಡಿದಳು. ಸುಲಭವಾಗಿ ತೆಗೆದು ಹಾಕುವಂತೆ ಎಲ್ಲರೂ ಒಂದಳತೆ ದೊಡ್ಡ ಬಳೆ ಕೊಂಡರು. ಒಲೆಯ ಹಿಂದಿನ ಗೋಡೆಗೆ ಒಂದು ಗೂಟ ಬಡಿದು, ಕೆಲಸಕ್ಕೆ ಕೂರುವ ಮೊದಲು ಬಳೆಗಳನ್ನು ಅದಕ್ಕೆ ತೂಗುಹಾಕಿದರು. ಕಣ್ಣೆದುರಿಗೇ ಇರಲಿ, ಏಳುವಾಗ ಮೊದಲು ಬಳೆ, ಆಮೇಲೆ ಚಹಾ ಎಂದು ನಿಯಮ ಮಾಡಿಕೊಂಡರು. ನಮ್ಮ ಗಿರಾಕಿಯ ಹಲ್ಲಿಗೆ ಗಾಜು ತಾಗದಿರಲೆಂದು ಅವರು ಇಷ್ಟು ಮಾಡಿದರು. ನಾವು ಆ ಬರಿಗೈಯ ಫೋಟೋ ತೆಗೆದು, ಇವಳಿಗೆ ಗಂಡನಿಲ್ಲ ಎಂದು ಮಾರಿದೆವು.

ಇನ್ನೊಂದು ಸಂಗತಿ ಶಿವಪ್ಪನ ಬಾಯಿಂದ ಬಂತು. "ಆ ಫೋಟೋ ತಗಿಯೂ ಮುಂದ ಒಳಗ ಕತ್ಲಿತ್ತು. ಬೆಳಕ ಬೀಳ್ಲಿ ಅಂತ ಪರಾತ ಹಿಡದು ನಿಂದರಸಿದ್ರು ನನ್ನ. ಹಿಟ್ಟ ನಾದೂ ಪರಾತ. ಕೈ ಸೋತ ಹೋತು. ಆ ಬೆಳಕಿನ್ಯಾಗ ನಾನ ಸತ್ತ ಫೋಟೋ ಬಂತು ನೋಡ್ರಿ."

ನಿತಿನ್ ಮೂಲೆಗೆ ಸರಿದ. ಅವನು ಬೀಳಗಿಗೆ ಹೋದವನಲ್ಲ. ಫೋಟೋಗ್ರಾಫರ್ ಕಳಿಸಿದ ಚಿತ್ರದ ಸುತ್ತಲೂ ಕತ್ತರಿಸಿ, ಕೈ ಮತ್ತು ಹಣೆ ಮಾತ್ರ ಉಳಿಸಿಕೊಂಡಿದ್ದ.

ಈರಣ್ಣ ತೀರ್ಪು ಕೊಡುವವನಂತೆ ಎದ್ದು ನಿಂತ. "ಆತು, ತಪ್ಪ ಆಗೇತಿ. ವಿಧವೆ ಅನ್ನೂದನ್ನ ತಗದು 'ಕಷ್ಟಜೀವಿ' ಅಂತ ಹಾಕೂಣು. ಉಳದದ್ದು ಇರ್ಲಿ. ಈ ಪುಟ ಹಚ್ಚಿದ ಮ್ಯಾಲೆ ರೊಟ್ಟಿಗೆ ಹಿಂದೆಂದೂ ಬರದಷ್ಟು ಆರ್ಡರ್ ಬಂದಾವ್ರಿ, ಶಾಂತವ್ವಾರ. ನಿಮಗೂ ಛಲೋ ಅಲ್ಲೇನು?"

"ಉಳದದ್ದು ಅಂದ್ರ ಯಾವುದು?" ಎಂದರು ಶಿವಪ್ಪ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ನಮ್ಮ ಹೊಲ ನೀರಾಗ ಹೋದದ್ದು ಖರೆ. ಅದನ್ನ ಮಾರಾಕ ನಿಮಗ ಕೊಟ್ಟಿಲ್ಲ."

ಹಿನ್ನೀರು ಬಂದಾಗ ಅವರ ಊರು ಎದ್ದು ಪುನರ್ವಸತಿ ಕೇಂದ್ರಕ್ಕೆ ಹೋಯಿತು. ಅಲ್ಲಿ ಮನೆ ಕಟ್ಟಿದರು, ಅಂಗಡಿ ಹಾಕಿದರು, ಮಗಳನ್ನು ಓದಿಸಿದರು. ಅದನ್ನೆಲ್ಲ ಬಿಟ್ಟು ಮುಳುಗಿದ್ದನ್ನಷ್ಟೇ ಎತ್ತಿ ತೋರಿಸುವುದು ಯಾವ ನ್ಯಾಯ? ವಿಧವೆಯಾಗಿರುವುದು ಅವಮಾನವೆಂದು ನಾನು ಹೇಳುತ್ತಿಲ್ಲ. ಆ ಗುಂಪಿನಲ್ಲಿ ಗಂಡನಿಲ್ಲದವರೂ ಇದ್ದಾರೆ. ಅವರ ಹೆಸರು ಹಾಕಿ ಹೀಗೆ ಬರೆದಿದ್ದರೂ ನಾನು ಇಷ್ಟೇ ಸಿಟ್ಟಾಗುತ್ತಿದ್ದೆ. ಅವರು ನಮಗೆ ರೊಟ್ಟಿ ಕೊಟ್ಟಿದ್ದಾರೆ, ಕಣ್ಣೀರು ಕೊಟ್ಟಿಲ್ಲ. ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ ನಮ್ಮ ಕಡೆ ಮನೆಯಿಂದ ಮನೆಗೆ ರೊಟ್ಟಿ ಹೋಗುತ್ತವೆ, ಬರುತ್ತವೆ. ನಿನ್ನದು ನಾನು ತಿನ್ನುತ್ತೇನೆ, ನನ್ನದು ನೀನು ತಿನ್ನು. ಅದರಲ್ಲಿ ಕೊಟ್ಟವನು ಮೇಲಲ್ಲ, ಪಡೆದವನು ಕೆಳಗಲ್ಲ. ಅಂಥ ರೊಟ್ಟಿಯನ್ನು ಇವರು ಭಿಕ್ಷೆಯ ತಟ್ಟೆಗೆ ಹಾಕಿದರು.

"ಪುಟಾನ ತಗದುಬಿಡೂಣು ಹಂಗಾರ," ಎಂದ ಈರಣ್ಣ. "ಯಾರಿಗೂ ಕಾಣಬಾರದು. ಮುಗೀತು."

"ಅಳಸಬ್ಯಾಡ್ರಿ," ಎಂದಳು ಶಾಂತವ್ವ.

ನಾವೆಲ್ಲ ಆಕೆಯ ಕಡೆ ತಿರುಗಿದೆವು.

"ಈಗ ಅಳಿಸಿದ್ರ ಸಾವಳಗ್ಯಾವ್ರು ಏನಂತಾರ? ಖರೆ ಇತ್ತು, ಸಿಕ್ಕಬಿದ್ದ ಮ್ಯಾಲೆ ಅಳಿಸಿದ್ರು ಅಂತಾರ. ಅವರ ಮೊಬೈಲ್‌ನ್ಯಾಗ ಅದು ಹಂಗ ಉಳದಿರತೈತಿ. ಎಲ್ಲಿ ಬರದೀರಿ, ಅಲ್ಲೇ ಬರೀರಿ. ಎಷ್ಟ ದೊಡ್ಡ ಅಕ್ಷರದಾಗ ಬರದೀರಿ, ಅಷ್ಟ ದೊಡ್ಡದಾಗಿ ಬರೀರಿ. ಸುಳ್ಳ ಬರದಿದ್ವಿ ಅಂತ."

ಹಿರಿಯ ಸಾವಕಾರರ ಕಾಲದಲ್ಲಿ ಲೇಬಲ್ ನೀರೊಲೆಗೆ ಹಾಕಿದರೆ ಮುಗಿಯುತ್ತಿತ್ತು. ಈಗಿನ ಬರಹಕ್ಕೆ ಒಲೆಯಿಲ್ಲ. ಈ ವ್ಯತ್ಯಾಸ ನನಗಿಂತ ಮೊದಲು ಆಕೆಗೆ ತಿಳಿದಿತ್ತು, ಏಕೆಂದರೆ ಸುಟ್ಟದ್ದು ಆಕೆಯ ಕೈ.

ಈರಣ್ಣ ನನ್ನತ್ತ ನೋಡಿದ. "ವಿಮಲಕ್ಕಾರ, ನೀವಾರ ಹೇಳ್ರಿ. ಯಾವ ಅಂಗಡ್ಯಾಂವ ತನ್ನ ತಪ್ಪ ಬಾಗಲದಾಗ ಬರದು ಹಾಕತಾನ?"

"ತಪ್ಪ ಮಾಡಿದ್ದು ಬಾಗಲದಾಗ," ಎಂದೆ. "ಹಿತ್ತಲದಾಗ ಹೋಗಿ ಕ್ಷಮಾ ಕೇಳಾಕ ಬರೂದಿಲ್ಲ."

"ಗಿರಾಕಿ ನಂಬಿಕಿ ಹೋಗತೈತ್ರಿ."

"ಹೋಗಲಿ. ಸುಳ್ಳಿಂದ ಬಂದದ್ದು ಖರೇದಿಂದ ಹೋಗತೈತಿ."

ಅವನು ಇನ್ನೂ ಅಳುಕುತ್ತಿದ್ದ. ಆ ದಿನ ಸಂಜೆಯೊಳಗೆ ಪಂಚಮಿಯ ವಿಶೇಷ ಪುಟ ಸಿದ್ಧವಾಗಬೇಕಿತ್ತು. ರೊಟ್ಟಿಗೆ ವರ್ಷದಲ್ಲಿ ಅದಕ್ಕಿಂತ ದೊಡ್ಡ ಸುಗ್ಗಿ ಇಲ್ಲ. ತಿದ್ದುಪಡಿ ಮೊದಲು ಹೋಗಬೇಕು, ಅಲ್ಲಿಯವರೆಗೆ ಪಂಚಮಿಯ ಪುಟದ ಒಂದು ಅಕ್ಷರವನ್ನೂ ಬರೆಯುವುದಿಲ್ಲ ಎಂದು ಹೇಳುವ ಬದಲು ನಾನು ಸುಮ್ಮನೆ ಕಂಪ್ಯೂಟರ್ ಆರಿಸಿ, ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟೆ. ಶಾಂತವ್ವನೂ ಫೋನ್ ತೆಗೆದು ಬೀಳಗಿಯ ತನ್ನ ಗುಂಪಿಗೆ ಹಚ್ಚಿದಳು. "ಚನ್ನವ್ವ, ಇವತ್ತ ಹಂಚ ಕಾಯಸಬ್ಯಾಡ. ನಾ ಬಂದು ಹೇಳೂತನಕ ಬಳಿ ಗೂಟಕ್ಕ ಹಾಕಬ್ಯಾಡ್ರಿ," ಎಂದಳು. ಇಬ್ಬರೂ ಮಾತಾಡಿಕೊಂಡು ಮಾಡಿದ್ದಲ್ಲ. ಈರಣ್ಣ ತನ್ನ ತಂದೆಯ ಹಳೆಯ ಗಲ್ಲೆಯ ಮೇಲೆ ಕೈಯೂರಿ ನಿಂತ. "ಬರೀರಿ," ಎಂದ.

ಬರೆಯುವ ಮೊದಲು ಫೋಟೋದ ಮಾತು ಬಂತು. ಗಂಡಹೆಂಡತಿಯನ್ನು ಜೋಡಿಯಾಗಿ ನಿಲ್ಲಿಸಿ ಹೊಸ ಫೋಟೋ ತೆಗೆಯೋಣ ಎಂದ ಈರಣ್ಣ. ಶಾಂತವ್ವ ತಲೆಯಾಡಿಸಿದಳು. "ಈಗ ತಗಸಿದ್ರ ಯಾರನ್ನರ ಕರಕೊಂಡ ಬಂದು ನಿಂದರಿಸ್ಯಾರ ಅಂತಾರ."

ಆಗ ಅಷ್ಟು ಹೊತ್ತು ಮೂಲೆಯಲ್ಲಿದ್ದ ನಿತಿನ್ ಬಾಯಿಬಿಟ್ಟ. "ಮೇಡಂ, ಪೂರ್ತಿ ಫೋಟೋ ನನ್ನ ಹತ್ರ ಐತ್ರಿ. ಕತ್ತರಿಸದೇ ಇದ್ದದ್ದು." ತನ್ನ ಲ್ಯಾಪ್‌ಟಾಪ್ ತೆರೆದು ಮೇಜಿನ ಮೇಲೆ ತಿರುಗಿಸಿಟ್ಟ.

ಎಲ್ಲರೂ ಬಾಗಿ ನೋಡಿದೆವು. ನಡುವೆ ಶಾಂತವ್ವ. ಹಿಂದಿನ ಗೋಡೆಯಲ್ಲಿ ಗೂಟ, ಗೂಟದ ತುಂಬ ಹಸಿರು ಬಳೆ. ಬಲತುದಿಯಲ್ಲಿ ಹೊಳೆಯುವ ಪರಾತದ ಅಂಚು, ಅಂಚನ್ನು ಹಿಡಿದ ನಾಲ್ಕು ಬೆರಳು, ಒಂದರಲ್ಲಿ ಹವಳದ ಉಂಗುರ. ಶಿವಪ್ಪ ತಮ್ಮ ಕೈಯನ್ನು ಪರದೆಯ ಪಕ್ಕ ಹಿಡಿದರು. ಅದೇ ಉಂಗುರ. ನಿತಿನ್ ಅದನ್ನೂ ಇದನ್ನೂ ನೋಡಿ, "ನಾನು ಒಂದ್ಸಲ ಕೇಳಬೇಕಿತ್ರಿ, ಕಾಕಾ," ಎಂದ.

"ಕೇಳಬೇಕಿತ್ತು," ಎಂದರು ಶಿವಪ್ಪ. "ಸತ್ತಾವ್ರ ಫೋನ್ ಎತ್ತೂದಿಲ್ಲ ಅಂತ ಬಿಟ್ಟಿ ಏನ?"

ನಾನು ಬರೆದೆ. ಹಿರಿಯ ಸಾವಕಾರರ ಕ್ರಮದಂತೆ ಎದುರಿಗೆ ಓದಿದೆ:

"ತಿದ್ದುಪಡಿ. ಈ ಪುಟದಲ್ಲಿ ನಾವು ಶಾಂತವ್ವ ವಿಧವೆ ಎಂದು ಬರೆದಿದ್ದೆವು. ಅದು ಸುಳ್ಳು. ಆಕೆಯ ಗಂಡ ಶಿವಪ್ಪ ಬದುಕಿದ್ದಾರೆ. ಇದೇ ಫೋಟೋವನ್ನು ಈಗ ಪೂರ್ತಿ ಹಾಕಿದ್ದೇವೆ. ಬೆಳಕಿಗಾಗಿ ಪರಾತ ಹಿಡಿದಿರುವ ಕೈ ಅವರದು. ಶಾಂತವ್ವನ ಕೈಯಲ್ಲಿ ಬಳೆ ಇಲ್ಲದ್ದು ನಮ್ಮ ನಿಯಮದಿಂದ. ಬಳೆಗಳು ಹಿಂದಿನ ಗೂಟದಲ್ಲಿವೆ. ನಾವು ಅವರನ್ನು ಕೇಳದೆ ಬರೆದೆವು. ಕನಿಕರದಿಂದ ಈ ರೊಟ್ಟಿ ಕೊಂಡವರು ಬೇಕಿದ್ದರೆ ಹಣ ಹಿಂದಕ್ಕೆ ಪಡೆಯಬಹುದು. ರೊಟ್ಟಿಗಾಗಿ ಕೊಂಡವರಿಗೆ ರೊಟ್ಟಿ ಎಂದಿನಂತೆ ಬರುತ್ತದೆ."

ಹಣ ಹಿಂದಕ್ಕೆ ಎಂಬಲ್ಲಿ ಈರಣ್ಣ ಒಮ್ಮೆ ನರಳಿದ. "ಸುಳ್ಳು ಬದಲಿ 'ಕಣ್ತಪ್ಪು' ಅನ್ನೂಣೇನು?" ಎಂದು ಕೇಳಿದ. ಶಾಂತವ್ವ, "ಕಣ್ಣ ಛಲೋ ಅದಾವ ನಿಮ್ಮವು," ಎಂದಳು. ಮಧ್ಯಾಹ್ನಕ್ಕೆ ಮೊದಲು ತಿದ್ದುಪಡಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹೋಯಿತು. ಇಂಗ್ಲಿಷ್ ಬರೆದವನು ನಿತಿನ್. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಊಟದ ಹೊತ್ತಿಗೆ ಒಂದು ಸಂದೇಶ ಬಂತು. ಯಾವುದೋ ದೊಡ್ಡ ಊರಿನ ಗಿರಾಕಿ ಬರೆದಿದ್ದರು: "ಹಾಗಾದರೆ ನಿಮ್ಮಲ್ಲಿ ನಿಜವಾದ ವಿಧವೆ ಮಾಡಿದ ರೊಟ್ಟಿ ಯಾವುದು? ಅದನ್ನು ಕಳಿಸಿ." ನಾನು ಅದನ್ನು ಮೂರು ಸಲ ಓದಿದೆ. ಆ ಗಿರಾಕಿ ಕೆಟ್ಟ ಮನುಷ್ಯರಾಗಿರಲಿಕ್ಕಿಲ್ಲ. ನಾವು ಏನು ಮಾರಿದೆವೋ ಅದನ್ನೇ ಅವರು ಕೇಳಿದ್ದರು. ಹೊಸಬರೇ, ನಿಮ್ಮ ಬರಹ ಗಿರಾಕಿಯನ್ನು ಏನು ಮಾಡುತ್ತದೆ ಎಂಬುದನ್ನು ಇದರಿಂದ ತಿಳಿಯಿರಿ. "ರೊಟ್ಟಿ ಮಾಡುವವರ ಮನೆಯ ಸಂಗತಿಯನ್ನು ನಾವು ಮಾರುವುದಿಲ್ಲ" ಎಂದು ಉತ್ತರ ಬರೆದು, ಪಂಚಮಿಯ ಪುಟಕ್ಕೆ ಕೂತೆ.

ಶಾಂತವ್ವ, ಶಿವಪ್ಪ ಬೀಳಗಿಗೆ ಹೋಗಲಿಲ್ಲ. ಸಾವಳಗಿಯಿಂದ ಏನಾದರೂ ಉತ್ತರ ಬಂದೀತೆಂದು ಹೊರಗಿನ ಬೆಂಚಿನ ಮೇಲೆ ಕುಳಿತರು. ತಿದ್ದುಪಡಿಯ ಪುಟವನ್ನು ಗೌರವ್ವನ ಮೊಬೈಲಿಗೆ ಅವರೇ ಕಳಿಸಿದ್ದರು. ಒಂದು ಬಸ್ಸು ಹೋಯಿತು. ಇನ್ನೊಂದು ಹೋಯಿತು. ಶಿವಪ್ಪನ ತಮಾಷೆಯೂ ಬತ್ತಿತು. ಶಾಂತವ್ವ ಕೈಯ ಬಳೆಗಳನ್ನು ಸುಮ್ಮನೆ ಹಿಂದೆ ಮುಂದೆ ಸರಿಸುತ್ತಿದ್ದಳು.

ಐದೂವರೆ ದಾಟಿತ್ತು, ನಾನು ಏಳುವ ಹೊತ್ತು. ಆರ್ಡರ್ ಕೊಡಲು ಪುಟದಲ್ಲಿ ಹಾಕಿದ್ದ ಫೋನ್ ಬಡಿಯಿತು. ನಾನೇ ಎತ್ತಿದೆ.

"ನಾ ಸಾವಳಗಿಯಿಂದ ಗೌರವ್ವ ಮಾತಾಡಾಕತ್ತೇನ್ರಿ. ತಿದ್ದುಪಡಿ ಅಂತ ಬರದೈತಲ್ಲ, ಅದನ್ನ ಬರದಾವ್ರು ಯಾರು?"

"ನಾನರೀ," ಎಂದೆ. ಹೊರಗಿನವರಿಬ್ಬರಿಗೂ ಸನ್ನೆ ಮಾಡಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟೆ.

"ಆ ಪರಾತ ಹಿಡದ ಕೈ ನೋಡಿದ್ನಿ. ಅವತ್ತ ನಮಗ ಚಾ ಕೊಟ್ಟ ಕೈನ ಅದು. ಹವಳದ ಉಂಗರ. ಮಾರಿ ಯಾಕ ಬಂದಿಲ್ರಿ ಫೋಟೋದಾಗ?"

ಶಿವಪ್ಪ ಮೇಜಿನತ್ತ ಬಾಗಿದರು. "ನನ್ನ ಮಾರಿ ನೋಡಿದ್ರ ರೊಟ್ಟಿ ಯಾರೂ ತಗೊಳ್ಳೂದಿಲ್ಲಂತ್ರಿ."

ಆ ಕಡೆಯಿಂದ ಗೌರವ್ವ, "ಅಲ್ಲೇ ಅದೀರೇನು?" ಎಂದರು. ಮತ್ತೆ ನನಗೆ, "ನೋಡ್ರಿ, ಇಷ್ಟೆಲ್ಲಾ ಬರದೀರಿ. ರೊಟ್ಟಿ ಎಷ್ಟ ದಿವಸ ತಡೀತಾವ ಅನ್ನೂದನ್ನ ಬರದ ಇಲ್ಲ. ಪಂಚಮಿಗೆ ಬೀಗರ ಮನಿ ರೊಟ್ಟಿ ಬರ್ತಾವ. ನನ್ನ ಹಿರೇ ಮಗಳ ಗಂಡನ ಮನಿ ದೂರ, ಅಲ್ಲಿಗೂ ಒಂದ ಗಂಟ ಕಳಸಬೇಕು. ತಡೀತಾವೋ ಇಲ್ಲೋ?"

ಬೀಗರು ಎಂಬ ಮಾತು ಕೇಳಿದ ಶಾಂತವ್ವ ಗೋಡೆಗೆ ಒರಗಿದಳು. ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಒಂದ ತಿಂಗಳ ತಡೀತಾವ ಅನ್ರಿ, ಅಕ್ಕಾರ. ಗಾಳಿ ಆಡಬಾರದು."

"ಕೇಳಸ್ತು," ಎಂದರು ಗೌರವ್ವ, ಮತ್ತು ಫೋನ್ ಇಟ್ಟರು.

ನಾನು ಹಾಕಿಕೊಂಡಿದ್ದ ಚಪ್ಪಲಿ ಮತ್ತೆ ಬಿಟ್ಟು ಕುರ್ಚಿಗೆ ಬಂದೆ. ನನ್ನ ಹಳೆಯ ಪುಟದಲ್ಲಿ ಆ ಸಾಲು ಇತ್ತು. ಕಣ್ಣೀರಿಗೆ ಜಾಗ ಮಾಡಲು ಅದನ್ನು ತೆಗೆದಿದ್ದರು. ಪುಟ ತೆರೆದು, ತಿದ್ದುಪಡಿಯ ಕೆಳಗೆ, ಬೆಲೆಗಿಂತ ಮೇಲೆ, ಮೊದಲ ನೋಟಕ್ಕೆ ಕಾಣುವಂತೆ ಬರೆದೆ: "ಗಾಳಿಯಾಡದ ಡಬ್ಬಿಯಲ್ಲಿ ಒಂದು ತಿಂಗಳು ಇರುತ್ತದೆ." ಶಾಂತವ್ವನಿಗೆ ಓದಿ ತೋರಿಸಿದೆ. ಆಕೆ ಹೂಂ ಎಂದಳು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಕಂಪ್ಯೂಟರ್ ಆರಿಸಿ, ಕೈ ತೊಳೆದು, ಸಂಜೆಯ ಊಟದ ಡಬ್ಬಿ ತೆರೆದೆ.